ಮಗಳ ಹತ್ತಿರ ಹೇಳುವಂಥದ್ದಲ್ಲ

ಜನವರಿ ೧೪

ಸೂಜಿ,

ಅಪ್ಪ ಕಾಗದ ಬರೆದಿದ್ದಾನೆ ಎಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾವಿಬ್ಬರೂ ಎಷ್ಟು ಮಾತಾಡುತ್ತೇವೆ ಎಂದು ನಿನ್ನೆ ಯೋಚಿಸಿದೆ. ‘ಊಟ ಆಯ್ತಾ?’ ‘ಆಯ್ತು.’ ‘ಇರು, ಅಮ್ಮಂಗೆ ಕೊಡ್ತೀನಿ.’ ಮುಗಿಯಿತು. ಆಮೇಲೆ ನಿಮ್ಮಮ್ಮ ಮುಕ್ಕಾಲು ಗಂಟೆ ಮಾತಾಡುತ್ತಾಳೆ. ನಾನು ಪಕ್ಕದಲ್ಲಿ ಕೂತು, ಅವಳ ಹುಬ್ಬು ಏರಿ ಇಳಿಯುವುದನ್ನು ನೋಡಿ ನೀನೇನು ಹೇಳುತ್ತಿದ್ದೀಯ ಎಂದು ಊಹೆ ಮಾಡುತ್ತೇನೆ. ಕಾಗದವಾದರೆ ಅರ್ಧದಲ್ಲಿ ಇನ್ನೊಬ್ಬರ ಕೈಗೆ ಕೊಡಬೇಕಾಗಿಲ್ಲ.

ಕೇಳಬೇಕಾದದ್ದು ಇಷ್ಟು. ಮೊನ್ನೆ ನಮ್ಮ ವರ್ಕ್‌ಶಾಪಿನ ಹಳೆಯ ಫೋರ್‌ಮನ್ ಮನೆಗೆ ಬಂದಿದ್ದರು. ‘ಮಗಳು ಏನ್ ಮಾಡ್ತಾಳೆ?’ ಎಂದರು. ‘ಔಷಧಿ ಮಾಡ್ತಾಳೆ’ ಎಂದೆ. ‘ಯಾವ ಔಷಧಿ?’ ಎಂದರು. ಕಾಫಿ ತರುತ್ತೇನೆಂದು ಎದ್ದು ಒಳಗೆ ಹೋದೆ. ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವನು ನಾನು. ನನ್ನ ಕೈಯಿಂದ ಇಳಿದ ಪ್ರತಿಯೊಂದು ಶಾಫ್ಟ್ ಯಾವ ಪಂಪಿನೊಳಗೆ ಕೂರುತ್ತದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ನನ್ನ ಮಗಳು ಏನು ಮಾಡುತ್ತಾಳೆ ಎಂದು ಗೊತ್ತಿಲ್ಲದಿದ್ದರೆ ಹೇಗೆ? ನನಗೆ ಅರ್ಥವಾಗುವ ಹಾಗೆ ಬರೆ. ಫೋರ್‌ಮನ್ ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ನನ್ನ ನಡು ಪರವಾಗಿಲ್ಲ. ಉಕ್ಕಿನ ಸಲಾಕೆ ಬಿದ್ದು ನಾಲ್ಕು ವರ್ಷ, ಎರಡನೆಯ ಆಪರೇಷನ್ ಆಗಿ ಒಂದು ವರ್ಷ. ನೋವಿನ ಕ್ಲಿನಿಕ್ಕಿನವರು ಕೊಟ್ಟ ಮಾತ್ರೆ ನಡೆಯುತ್ತಿದೆ.

ನಿನ್ನ
ಅಪ್ಪ

ಪುಟ್ಟಾ, ನಾನೂ ಎರಡು ಸಾಲು ತುರುಕುತ್ತಿದ್ದೇನೆ. ಇವರು ಊಟ ಅರ್ಧಕ್ಕರ್ಧ ಇಳಿಸಿದ್ದಾರೆ. ಕೇಳಿದರೆ ‘ಹಸಿವಿಲ್ಲ’ ಅಂತಾರೆ. — ಅಮ್ಮ


ಫೆಬ್ರವರಿ ೬

ಅಪ್ಪಾ,

ನಿಮ್ಮ ಕಾಗದವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಇಲ್ಲಿ ಯಾರಿಗೂ ನನ್ನ ಹೆಸರು ಸೂಜಿ ಎಂದು ಗೊತ್ತಿಲ್ಲ. ಸಣ್ಣಗಿದ್ದೆ, ಮಾತಾಡಿದರೆ ಚುಚ್ಚುತ್ತಿದ್ದೆ ಅಂತ ತಾನೇ ಇಟ್ಟದ್ದು? ಈಗ ಸಣ್ಣಗಿಲ್ಲ. ಇನ್ನೊಂದರ ವಿಚಾರ ಇಲ್ಲಿಯವರನ್ನೇ ಕೇಳಬೇಕು.

ಫೋರ್‌ಮನ್ ಅವರಿಗೆ ಹೀಗೆ ಹೇಳಿ. ನೀವು ನುಂಗುವ ಮಾತ್ರೆ ಮಾರ್ಫಿನ್ ಜಾತಿಗೆ ಸೇರಿದ್ದು. ಅಷ್ಟು ಗಟ್ಟಿಯಾಗಿ ನೋವನ್ನು ಹಿಡಿದು ನಿಲ್ಲಿಸುವ ಔಷಧಿ ಇನ್ನೊಂದಿಲ್ಲ. ಆದರೆ ಅದು ನೋವನ್ನಷ್ಟೇ ನಿಲ್ಲಿಸಿ ಸುಮ್ಮನಾಗುವುದಿಲ್ಲ. ಮಂಪರು ತರುತ್ತದೆ, ವಾಕರಿಕೆ ತರುತ್ತದೆ, ಜಾಸ್ತಿಯಾದರೆ ಉಸಿರನ್ನೇ ನಿಧಾನ ಮಾಡಿಬಿಡುತ್ತದೆ. ಉಸಿರು ನಿಂತು ಸತ್ತವರಿದ್ದಾರೆ. ಅದರ ಜೊತೆಗೆ ನುಂಗುವಂಥ ಇನ್ನೊಂದು ಮಾತ್ರೆ ಮಾಡುವುದು ನಮ್ಮ ತಂಡದ ಕೆಲಸ. ಅದು ಮಿದುಳಿಗೆ ಹೋಗಿ ಉಸಿರನ್ನು ಮಾತ್ರ ಕಾಯಬೇಕು, ನೋವು ನಿಲ್ಲಿಸುವ ಕೆಲಸಕ್ಕೆ ಅಡ್ಡ ಬರಬಾರದು. ಅದಕ್ಕಾಗಿ ಒಂದೊಂದೇ ಅಣುವನ್ನು ಗಾಜಿನ ಪಾತ್ರೆಯಲ್ಲಿ ಕಟ್ಟುತ್ತೇವೆ, ಪರೀಕ್ಷೆಗೆ ಕಳಿಸುತ್ತೇವೆ, ‘ಆಗಲಿಲ್ಲ’ ಎಂಬ ಉತ್ತರ ಪಡೆಯುತ್ತೇವೆ. ಇಲ್ಲಿಯವರೆಗೆ ಮುನ್ನೂರ ಹನ್ನೆರಡು ‘ಆಗಲಿಲ್ಲ’ಗಳು.

ಅದರಲ್ಲಿ ಇನ್ನೂರ ಏಳನೆಯದು ನಾನೊಬ್ಬಳೇ ಕಟ್ಟಿದ್ದು. ಹನ್ನೊಂದು ವಾರ ಹಿಡಿಯಿತು. ಬಹಳ ಚೆಂದ ಬಂದಿತ್ತು ಅಪ್ಪಾ. ಆದರೆ ಮಿದುಳಿನ ಸುತ್ತ ಒಂದು ಬೇಲಿ ಇರುತ್ತದೆ. ರಕ್ತದಲ್ಲಿ ಬಂದದ್ದನ್ನೆಲ್ಲ ಅದು ಒಳಗೆ ಬಿಡುವುದಿಲ್ಲ. ನನ್ನ ಅಣುವನ್ನು ಎಳ್ಳಷ್ಟೂ ಬಿಡಲಿಲ್ಲ. ‘ಒಳಗೇ ಹೋಗದಿದ್ದರೆ ಉಸಿರನ್ನ ಹೇಗೆ ಕಾಯುತ್ತೆ?’ ಎಂದು ನಮ್ಮ ಮೇಡಂ ಅದನ್ನು ಫ್ರೀಜರಿಗೆ ಹಾಕಿಸಿದರು. ಅವರು ಹೇಳಿದ್ದು ಸರಿ. ಆದರೂ ಆ ಫ್ರೀಜರಿನ ಮುಂದೆ ಹಾಯುವಾಗ ಒಂದು ಸಲ ನೋಡಿಕೊಂಡು ಹೋಗುತ್ತೇನೆ.

ಊಟ ಯಾಕೆ ಕಡಿಮೆ ಮಾಡಿದ್ದೀರಿ?

ನಿಮ್ಮ
ಸೂಜಿ


ಮಾರ್ಚ್ ೨೯

ಪುಟ್ಟಾ,

ಇದನ್ನು ನಿಮ್ಮಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅವರು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾರೆ. ಬರುವಷ್ಟರಲ್ಲಿ ಅಂಚೆ ಡಬ್ಬಕ್ಕೆ ಹಾಕಬೇಕು.

ನೀನು ಊಟದ ವಿಷಯ ಕೇಳಿದ್ದಕ್ಕೆ ಅವರು ಹವಾಮಾನದ ವಿಷಯ ಬರೆದು ಕಳಿಸಿದರಲ್ಲ, ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ನಿಜ ಏನೆಂದರೆ, ಅವರು ಆರು ವಾರದಿಂದ ಮಾತ್ರೆಯನ್ನು ಕಡಿಮೆ ಮಾಡುತ್ತಾ ಬಂದು ಈಗ ಪೂರ್ತಿ ಬಿಟ್ಟಿದ್ದಾರೆ. ಕೋಟಿನ ಒಳಜೇಬಿನಲ್ಲಿ ಕಾಗದದಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಕುರ್ಚಿಯಿಂದ ಏಳುವಾಗ ತುಟಿ ಕಚ್ಚಿಕೊಳ್ಳುತ್ತಾರೆ. ನೋಡಲಾಗುವುದಿಲ್ಲ. ‘ಯಾಕ್ರೀ ಹೀಗೆ ಮಾಡ್ತಾ ಇದೀರ?’ ಎಂದರೆ ‘ಅಭ್ಯಾಸ ಆಗ್ಬಿಡುತ್ತೆ ಕಣೇ, ಬೇಡ’ ಎನ್ನುತ್ತಾರೆ. ಅದು ಕಾರಣವಲ್ಲ. ಕಾರಣ ನನಗೆ ಗೊತ್ತು. ಮದುವೆಯಾಗಿ ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೇನೆ, ಮನೆಗಿರುವುದು ಒಂದೇ ಕಕ್ಕಸು.

ಮಾತ್ರೆ ಶುರುವಾದಾಗಿನಿಂದ ಅವರಿಗೆ ಹೊಟ್ಟೆ ಖಾಲಿಯಾಗುತ್ತಿರಲಿಲ್ಲ. ವಾರಗಟ್ಟಲೆ. ‘ಮಗಳೇ ಆ ಕೆಲಸದಲ್ಲಿದ್ದಾಳೆ, ಅವಳನ್ನೇ ಕೇಳಿ’ ಎಂದೆ. ‘ಇದು ಮಗಳ ಹತ್ತಿರ ಹೇಳುವಂಥದ್ದಲ್ಲ’ ಎಂದು ಗೋಡೆ ಕಡೆ ತಿರುಗಿದರು.

ನೀನು ಹೇಗೆ ಕೇಳುತ್ತೀಯೋ ನಿನಗೆ ಬಿಟ್ಟದ್ದು. ನನ್ನ ಹೆಸರು ಹೇಳಿದರೂ ಪರವಾಗಿಲ್ಲ.

ಅಮ್ಮ


ಏಪ್ರಿಲ್ ೮

ಅಪ್ಪಾ,

ಅಮ್ಮ ಎಲ್ಲ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟಾಗಬೇಡಿ. ಆಗುವುದಿದ್ದರೆ ನನ್ನ ಮೇಲೆ ಆಗಿ, ನಾನು ದೂರದಲ್ಲಿದ್ದೇನೆ.

ನೀವು ಕಡಿಮೆ ಮಾಡುತ್ತಾ ಬಂದಿರಿ, ಅದೊಂದು ಪುಣ್ಯ. ಒಂದೇ ಸಲಕ್ಕೆ ಬಿಟ್ಟಿದ್ದರೆ ಮೈ ನಡುಗಿ ಹಾಸಿಗೆ ಹಿಡಿಯುತ್ತಿದ್ದಿರಿ. ಈಗ ದಯವಿಟ್ಟು ಕ್ಲಿನಿಕ್ಕಿಗೆ ಹೋಗಿ. ಮಾತ್ರೆಯನ್ನು ನೀವಾಗಿಯೇ ಮೊದಲಿನ ಪ್ರಮಾಣದಲ್ಲಿ ಶುರು ಮಾಡಬೇಡಿ. ಬಿಟ್ಟು ಇಷ್ಟು ದಿನವಾದ ಮೇಲೆ ಅದು ಅಪಾಯ. ಡಾಕ್ಟರಿಗೆ ಹೊಟ್ಟೆಯ ವಿಷಯ ಬಾಯಿಬಿಟ್ಟು ಹೇಳಿ. ಇದಕ್ಕೆ ಪುಡಿ ಕೊಡುತ್ತಾರೆ. ಮೊದಲ ದಿನವೇ ಕೊಡಬೇಕಿತ್ತು.

ಇನ್ನೊಂದು ಮಾತು. ಇದನ್ನು ಮಗಳಾಗಿ ಕೇಳುತ್ತಿಲ್ಲ, ಈ ಕೆಲಸ ಮಾಡುವವಳಾಗಿ ಕೇಳುತ್ತಿದ್ದೇನೆ. ಆರು ವರ್ಷದಿಂದ ಈ ಔಷಧಿಗಳ ಬಗ್ಗೆ ಓದುತ್ತಿದ್ದೇನೆ. ಪುಸ್ತಕದಲ್ಲಿ ‘ಮಲಬದ್ಧತೆ, ಸಾಮಾನ್ಯ’ ಎಂದು ಎರಡು ಪದ ಇರುತ್ತವೆ. ಎರಡೇ ಪದ. ಅದಕ್ಕಾಗಿ ಒಬ್ಬ ಮನುಷ್ಯ ನೋವನ್ನೇ ಆರಿಸಿಕೊಳ್ಳುತ್ತಾನೆ ಎಂದರೆ ಅದು ಹೇಗಿರಬೇಕು? ನನಗೆ ಗೊತ್ತಿಲ್ಲ. ನನ್ನ ತಂಡದಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತು. ಬರೆಯುತ್ತೀರಾ?

ಸೂಜಿ


ಮೇ ೨

ಸೂಜಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮೊದಲ ವಾರ ಸಿಟ್ಟು. ನಿಮ್ಮಮ್ಮನ ಜೊತೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಿದಂತೆ ಕಾಣಲಿಲ್ಲ, ನಾನೇ ಸೋತು ಶುರು ಮಾಡಿದೆ. ಎರಡನೆಯ ವಾರ ನಾಚಿಕೆ. ಮೂರನೆಯ ವಾರ ಈ ಕಾಗದವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಇದನ್ನು ಹರಿಯುವುದಿಲ್ಲ.

ಬರೆಯುತ್ತೇನೆ. ಕೇಳಿದವಳು ನೀನು, ಮೂಗು ಮುಚ್ಚಿಕೊಳ್ಳಬಾರದು.

ಮಾತ್ರೆ ಶುರುವಾದ ಹತ್ತು ದಿನಕ್ಕೆ ಹೊಟ್ಟೆ ನಿಂತಿತು. ನಿಧಾನವಾಗಲಿಲ್ಲ, ಕರೆಂಟು ಹೋದ ಮೋಟಾರಿನಂತೆ ನಿಂತಿತು. ಒಳಗೆ ಏನೂ ಚಲಿಸುತ್ತಿಲ್ಲ ಎಂದು ಗೊತ್ತಾಗುತ್ತದೆ. ಐದು ದಿನ, ಎಂಟು ದಿನ, ಒಮ್ಮೆ ಹನ್ನೊಂದು ದಿನ. ಹೊಟ್ಟೆ ತಮಟೆಯಂತೆ ಬಿಗಿದು, ಬೆಲ್ಟು ಕೊನೆಯ ತೂತಿಗೂ ಬರುತ್ತಿರಲಿಲ್ಲ. ಹೋಗಬೇಕೆಂಬ ಒತ್ತಡ ಇರುತ್ತದೆ, ಹೋಗುವುದಿಲ್ಲ. ಒಂದೊಂದು ಗಂಟೆ ಒಳಗೆ ಕೂರುತ್ತಿದ್ದೆ. ನಿಮ್ಮಮ್ಮ ಬಾಗಿಲು ತಟ್ಟಿ ‘ಇದೀರಾ?’ ಎನ್ನುವಳು. ತಿಣುಕಬಾರದು ಎಂದು ಆಪರೇಷನ್ ಮಾಡಿದವರು ಹೇಳಿದ್ದರು. ತಿಣುಕದೆ ಆಗುವುದಿಲ್ಲ. ತಿಣುಕಿದರೆ ನಡುವಿನಿಂದ ಹಿಮ್ಮಡಿವರೆಗೆ ಮಿಂಚು ಹೊಡೆಯುತ್ತದೆ. ಆಮೇಲೆ ಬರುವುದು ಕಲ್ಲು, ಜೊತೆಗೆ ರಕ್ತ. ಒಂದು ದಿನ ಒಳಗೇ ತಲೆಸುತ್ತಿ, ನೀರಿನ ಪೈಪು ಹಿಡಿದು ಕೂತಿದ್ದೆ. ಹೀಗೆ ಬಿದ್ದು ಸತ್ತರೆ ವರ್ಕ್‌ಶಾಪಿನವರು ಏನು ಹೇಳಿಕೊಳ್ಳುತ್ತಾರೆ ಎಂಬುದೊಂದೇ ಆಗ ತಲೆಯಲ್ಲಿದ್ದದ್ದು.

ಉಂಡರೆ ತಾನೇ ಇದೆಲ್ಲ ಎಂದು ಊಟ ಬಿಡುತ್ತಾ ಬಂದೆ. ಸಾಲಲಿಲ್ಲ. ಆಮೇಲೆ ಮಾತ್ರೆ ಬಿಟ್ಟೆ. ನೋವು ವಾಪಸು ಬಂತು. ಬರಲಿ ಎಂದುಕೊಂಡೆ. ನೋವಿಗೆ ಒಂದು ಮರ್ಯಾದೆ ಇದೆ ಮಗಳೇ. ನಡು ಮುರಿದವನನ್ನು ಕಂಡರೆ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಾರೆ. ಇದನ್ನು ಹೇಳಿಕೊಂಡರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ನಾನೂ ನಕ್ಕಿದ್ದೇನೆ, ಬೇರೆಯವರನ್ನು ನೋಡಿ.

ಕ್ಲಿನಿಕ್ಕಿನಲ್ಲಿ ಪ್ರತಿ ಸಲ ಕೇಳುವುದು ಒಂದೇ ಪ್ರಶ್ನೆ. ‘ನೋವು ಹತ್ತರಲ್ಲಿ ಎಷ್ಟು?’ ‘ನಾಲ್ಕು’ ಎನ್ನುತ್ತಿದ್ದೆ. ಬರೆದುಕೊಂಡು ಸಂತೋಷದಿಂದ ಕಳಿಸುತ್ತಿದ್ದರು. ಹೊಟ್ಟೆ ಹತ್ತರಲ್ಲಿ ಎಷ್ಟು ಎಂದು ಯಾರೂ ಕೇಳಲಿಲ್ಲ. ನಾನಾಗಿಯೇ ಹೇಳೋಣವೆಂದರೆ ಆ ಡಾಕ್ಟರು ನಿನ್ನ ವಯಸ್ಸಿನ ಹೆಣ್ಣುಮಗಳು.

ಮೊನ್ನೆ ಹೇಳಿದೆ. ನೆಲ ನೋಡಿಕೊಂಡು ಹೇಳಿದೆ. ಅವರು ನಗಲಿಲ್ಲ. ಪುಡಿ ಬರೆದುಕೊಟ್ಟರು, ಮಾತ್ರೆಯನ್ನು ಕಾಲುಭಾಗದಿಂದ ಮತ್ತೆ ಶುರು ಮಾಡಿದ್ದಾರೆ.

ಈ ಕಾಗದ ನಿಮ್ಮ ಕೆಲಸಕ್ಕೆ ಬರುವುದಾದರೆ ನಿನ್ನ ಮೇಡಂಗೂ ತೋರಿಸು. ಕೆಳಗಿರುವ ಸಹಿಯನ್ನು ಮಾತ್ರ ಕತ್ತರಿಸು.

ಅಪ್ಪ


ಜೂನ್ ೧೧

ಅಪ್ಪಾ,

ತಡವಾಯಿತು. ಯಾಕೆ ತಡವಾಯಿತು ಎಂದು ಓದಿದರೆ ಬೈಯುವುದಿಲ್ಲ.

ನಿಮ್ಮ ಕಾಗದವನ್ನು ಎರಡು ವಾರ ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ‘ಸೂಜಿ’, ‘ಮಗಳೇ’, ‘ನಿಮ್ಮಮ್ಮ’ ಎಂದು ಬರುವಲ್ಲೆಲ್ಲ ಮಸಿ ಬಳಿದೆ. ಆಮೇಲೆ ಸೋಮವಾರದ ಮೀಟಿಂಗಿನಲ್ಲಿ, ಎಲ್ಲರೂ ತಮ್ಮ ತಮ್ಮ ನಕ್ಷೆ ತೋರಿಸಿ ಮುಗಿಸಿದ ಮೇಲೆ, ‘ನನ್ನ ಹತ್ರ ನಕ್ಷೆ ಇಲ್ಲ, ಒಂದು ಕಾಗದ ಇದೆ’ ಎಂದು ಎದ್ದು ನಿಂತೆ. ಹದಿನಾಲ್ಕು ಜನ. ಬೆಲ್ಟಿನ ತೂತಿನ ಹತ್ತಿರ ಬಂದಾಗ ಯಾರೋ ಕಿಸಕ್ಕೆಂದರು. ನೀರಿನ ಪೈಪಿನ ಹತ್ತಿರ ಬಂದಾಗ ಕಿಸಕ್ಕೆಂದವರೂ ಪೆನ್ನು ಕೆಳಗಿಟ್ಟಿದ್ದರು. ಓದಿ ಮುಗಿಸಿದೆ. ಮೇಡಂ ಕೈ ಚಾಚಿ ಕಾಗದ ತೆಗೆದುಕೊಂಡು ತಾವೇ ಮತ್ತೊಮ್ಮೆ ಮನಸ್ಸಿನಲ್ಲೇ ಓದಿದರು.

‘ಕೆಳಗಡೆ ಯಾಕೆ ಕತ್ತರಿಸಿದೀಯ?’ ಎಂದರು.

‘ಬರೆದವರು ಸಹಿ ಕತ್ತರಿಸು ಅಂದಿದ್ರು ಮೇಡಂ.’

‘ಯಾರವರು?’

ಸಹಿಯನ್ನು ಕತ್ತರಿಸಿದ್ದೆ ಅಪ್ಪಾ, ನಿಮ್ಮ ಮಾತು ಮೀರಲಿಲ್ಲ. ಆದರೆ ಕೇಳಿದವರಿಗೆ ಸುಳ್ಳು ಹೇಳಬೇಕೆಂದು ನೀವು ಬರೆದಿರಲಿಲ್ಲವಲ್ಲ. ‘ನಮ್ಮಪ್ಪ’ ಎಂದೆ. ‘ಲೇತ್ ಕೆಲಸ ಮಾಡ್ತಿದ್ರು.’ ಹೇಳುವಾಗ ನನ್ನ ತಲೆ ತಾನಾಗಿಯೇ ಮೇಲೆದ್ದಿತ್ತು. ನನ್ನ ಪದವಿಯ ದಿನವೂ ಹಾಗೆ ನಿಂತಿರಲಿಲ್ಲ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನಿನ್ನ ಇನ್ನೂರ ಏಳು ಎಲ್ಲಿದೆ?’ ಎಂದರು.

ಯಾಕೆ ಕೇಳಿದರು ಹೇಳುತ್ತೇನೆ. ಮಾರ್ಫಿನ್ ಜಾತಿಯ ಔಷಧಿ ಕೆಲಸ ಮಾಡಲು ಮಿದುಳಿನಲ್ಲಿ ಅದಕ್ಕೆ ಕೂರುವ ಜಾಗಗಳಿವೆ. ಅಂಥವೇ ಜಾಗಗಳು ಕರುಳಿನಲ್ಲೂ ಇವೆ. ಮಿದುಳಿನಲ್ಲಿ ಕೂತರೆ ನೋವು ನಿಲ್ಲುತ್ತದೆ, ಕರುಳಿನಲ್ಲಿ ಕೂತರೆ ಕರುಳು ನಿಲ್ಲುತ್ತದೆ. ಇನ್ನೂರ ಏಳು ಆ ಜಾಗಗಳನ್ನು ಮೊದಲೇ ಹೋಗಿ ಹಿಡಿದುಕೊಳ್ಳುತ್ತದೆ, ಬಂದವರನ್ನು ಕೂರಗೊಡುವುದಿಲ್ಲ. ಆದರೆ ಮಿದುಳಿನೊಳಗೆ ಹೋಗಲಾರದು. ಅಂದರೆ ಕರುಳನ್ನು ಬಿಡಿಸುತ್ತದೆ, ನೋವಿನ ಮಾತ್ರೆಯ ತಂಟೆಗೆ ಹೋಗುವುದಿಲ್ಲ! ಯಾವುದನ್ನು ಅದರ ದೋಷ ಎಂದು ಫ್ರೀಜರಿಗೆ ಹಾಕಿದ್ದೆವೋ ಅದೇ ಅದರ ಗುಣ. ಇಂಥ ಔಷಧಿ ಜಗತ್ತಿನಲ್ಲಿ ಇಲ್ಲವೇ ಇಲ್ಲ ಎಂದಲ್ಲ, ಕೆಲವು ಇವೆ. ಕೆಲವರಿಗೆ ಅವು ವಿಪರೀತ ಹೊಟ್ಟೆನುಲಿತ ತರುತ್ತವೆ, ಒಂದನ್ನು ಚುಚ್ಚಿಸಿಕೊಳ್ಳಬೇಕು. ನಮ್ಮದು ಅವಕ್ಕಿಂತ ಮೆತ್ತಗಿರಬಹುದು ಎಂಬುದು ಮೇಡಂ ಲೆಕ್ಕ. ಉಸಿರಿನ ಕೆಲಸ ಉಳಿದವರು ಮುಂದುವರಿಸುತ್ತಾರೆ. ಇದನ್ನು ಇನ್ನಷ್ಟು ತಿದ್ದುವ ಕೆಲಸ ನನಗೂ ಇನ್ನಿಬ್ಬರಿಗೂ.

ಮೀಟಿಂಗ್ ಮುಗಿದ ಮೇಲೆ, ಕಿಸಕ್ಕೆಂದಿದ್ದವನು ನನ್ನ ಮೇಜಿನ ಹತ್ತಿರ ಬಂದು ‘ನಿಮ್ಮಪ್ಪಂಗೆ ಸಾರಿ ಹೇಳಿ’ ಎಂದ. ಹೇಳಿದ್ದೇನೆ. ಹೊಟ್ಟೆಗೆ ಹಾಕಿಕೊಳ್ಳಿ. (ಈಗ ಜಾಗ ಇದೆ ತಾನೇ?)

ನಿಮ್ಮ
ಸೂಜಿ


ಜೂನ್ ೨೬

ಸೂಜಿ,

ಜಾಗ ಇದೆ. ಪುಡಿ ಅರ್ಧ ಕೆಲಸ ಮಾಡುತ್ತಿದೆ. ಅರ್ಧ ಎಂದರೆ ಮೂರು ದಿನಕ್ಕೊಮ್ಮೆ, ತಿಣುಕದೆ ಅಲ್ಲ, ರಕ್ತವಿಲ್ಲದೆ. ಮಾತ್ರೆಯೂ ಮೊದಲಿನ ಮುಕ್ಕಾಲಿಗೆ ಬಂದಿದೆ. ಬೀದಿಯ ಕೊನೆಯವರೆಗೆ ನಡೆದು ಬರುತ್ತೇನೆ.

ಬರೆದವನು ನಾನೆಂದು ಹೇಳಿದ್ದಕ್ಕೆ ಮೊದಲು ಕಣ್ಣು ಕೆಂಪಾಯಿತು. ಆಮೇಲೆ ಆ ಸಾಲನ್ನು ನಿಮ್ಮಮ್ಮ ಗಟ್ಟಿಯಾಗಿ ಓದಿದಳು, ‘ತಲೆ ತಾನಾಗಿಯೇ ಮೇಲೆದ್ದಿತ್ತು’ ಅಂತ ಇರುವುದನ್ನು. ಕಣ್ಣು ಇನ್ನೂ ಕೆಂಪಾಯಿತು, ಬೇರೆ ಕಾರಣಕ್ಕೆ.

ನಿನ್ನ ಅಣುವಿನ ಬಗ್ಗೆ ನನಗೆ ಹೇಳಲು ಯೋಗ್ಯತೆ ಇಲ್ಲ. ಆದರೂ ಒಂದು ಮಾತು. ಅದನ್ನು ಇನ್ನಷ್ಟು ತಿದ್ದಬೇಕು ಎನ್ನುತ್ತೀಯಲ್ಲ, ಒಂದು ಸಲಕ್ಕೆ ಒಂದೇ ಕಡೆ ಮುಟ್ಟು. ಹೊಸಬರು ಶಾಫ್ಟ್ ಸರಿಹೋಗದಿದ್ದರೆ ಆ ತುದಿಯನ್ನೂ ಕೊರೆಯುತ್ತಾರೆ, ಈ ತುದಿಯನ್ನೂ ಕೊರೆಯುತ್ತಾರೆ. ಆಮೇಲೆ ಎಲ್ಲಿ ತಪ್ಪಾಯಿತು ಎಂದು ಹುಡುಕಲು ಯಾವ ದೇವರೂ ಬರುವುದಿಲ್ಲ. ಎಷ್ಟೇ ಆತುರವಿರಲಿ, ಒಂದು ಕಡೆ ತೆಗೆ, ಅಳತೆ ನೋಡು, ಬರೆದಿಡು. ನನ್ನ ಗುರುಗಳು ನನಗೆ ಕಲಿಸಿದ್ದು ಇದೊಂದೇ. ನಾನು ನಿನಗೆ ಕೊಡಬಹುದಾದದ್ದೂ ಇದೊಂದೇ.

ಅಪ್ಪ


ಡಿಸೆಂಬರ್ ೧೯

ಅಪ್ಪಾ,

ಫೋರ್‌ಮನ್ ಅವರನ್ನು ಕರೆದು ಕೂರಿಸಿಕೊಂಡು ಇದನ್ನು ಓದಿ.

ಆರು ತಿಂಗಳು ನಾನು ಬರೆದ ಕಾಗದಗಳೆಲ್ಲ ಒಂದೊಂದು ಸಾಲಿನವು, ಗೊತ್ತು. ಬರೆಯಲು ಏನೂ ಇರಲಿಲ್ಲ. ಇನ್ನೂರ ಏಳು ಹೊಟ್ಟೆಯ ಹುಳಿಯಲ್ಲಿ ಚೂರುಚೂರಾಗುತ್ತಿತ್ತು. ಕರುಳಿನವರೆಗೆ ತಲುಪುತ್ತಲೇ ಇರಲಿಲ್ಲ. ಗಟ್ಟಿ ಮಾಡಿದರೆ ಹಿಡಿತ ಕಳೆದುಕೊಳ್ಳುತ್ತಿತ್ತು, ಹಿಡಿತ ಸರಿಮಾಡಿದರೆ ಬೇಲಿ ಹಾರಿ ಮಿದುಳಿಗೆ ನುಗ್ಗುತ್ತಿತ್ತು. ನನ್ನ ಜೊತೆಗಿದ್ದ ಇಬ್ಬರೂ ‘ಎರಡು ಮೂರು ಬದಲಾವಣೆ ಒಟ್ಟಿಗೆ ಮಾಡೋಣ, ಸಮಯ ಉಳಿಯುತ್ತೆ’ ಎಂದರು. ನಾನು ಜಗಳ ಆಡಿದೆ. ‘ಒಂದು ಸಲಕ್ಕೆ ಒಂದೇ ಕಡೆ’ ಎಂದೆ. ‘ಯಾವ ಪುಸ್ತಕದಲ್ಲಿದೆ?’ ಎಂದರು. ‘ಲೇತ್ ಪುಸ್ತಕದಲ್ಲಿ’ ಎಂದೆ. ಇಪ್ಪತ್ತಮೂರು ಅಣು ಕಟ್ಟಿದೆವು. ಇಪ್ಪತ್ತೆರಡರ ಟಿಪ್ಪಣಿಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದಾಗ, ಯಾವ ಮೂಲೆ ಮುಟ್ಟಿದರೆ ಏನಾಗುತ್ತದೆ ಎಂದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಇಪ್ಪತ್ತಮೂರನೆಯದು ಹಾಗೆ ಹುಟ್ಟಿದ್ದು.

ಇಲಿಗಳಿಗೆ ನೋವಿನ ಔಷಧಿ ಕೊಟ್ಟರೆ ಅವುಗಳ ಹೊಟ್ಟೆಯೂ ನಿಲ್ಲುತ್ತದೆ. ಅದರ ಜೊತೆಗೆ ಇಪ್ಪತ್ತಮೂರನೆಯದನ್ನು ಕೊಟ್ಟು ಕಾಯಬೇಕು. ಏನನ್ನು ಕಾಯಬೇಕು ಹೇಳಿ? ಹಿಕ್ಕೆಯನ್ನು. ಎರಡು ಪದವಿ ಪಡೆದ ನಿಮ್ಮ ಮಗಳು ಇಡೀ ಮಂಗಳವಾರ ಒಂದು ಚಿಮಟ ಹಿಡಿದು ಇಲಿ ಹಿಕ್ಕೆ ಎಣಿಸಿದಳು. ಬರೀ ನೋವಿನ ಔಷಧಿ ಕೊಟ್ಟ ಗೂಡಿನಲ್ಲಿ ಎರಡು. ನಮ್ಮದನ್ನೂ ಕೊಟ್ಟ ಗೂಡಿನಲ್ಲಿ ಹತ್ತೊಂಬತ್ತು! ನೋವಿನ ಪರೀಕ್ಷೆಯಲ್ಲಿ ಎರಡು ಗೂಡಿಗೂ ವ್ಯತ್ಯಾಸವೇ ಇಲ್ಲ. ಮೇಡಂ ತಾವೇ ಬಗ್ಗಿ ಇನ್ನೊಮ್ಮೆ ಎಣಿಸಿದರು. ‘ಇಷ್ಟು ವರ್ಷದ ಸರ್ವೀಸಲ್ಲಿ ಇಷ್ಟು ಚೆಂದದ್ದು ನೋಡಿರಲಿಲ್ಲ ಕಣೇ’ ಎಂದರು.

ನಿಮ್ಮ
ಸೂಜಿ


ಜನವರಿ ೩

ಸೂಜಿ,

ಫೋರ್‌ಮನ್‌ಗೆ ಓದಿ ಹೇಳಿದೆ. ‘ಹತ್ತೊಂಬತ್ತಾ?’ ಎಂದು ಮೂರು ಸಲ ಕೇಳಿದರು. ಈಗ ಹಾಲಿನವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರಿಗೂ ಗೊತ್ತು. ನಿಮ್ಮಮ್ಮ ಮಾತ್ರ, ಊಟದ ಹೊತ್ತಿನಲ್ಲಿ ಈ ಸುದ್ದಿ ಎತ್ತಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾಳೆ.

ಒಂದು ವರ್ಷದ ಹಿಂದೆ ಈ ಮಾತನ್ನು ಗೋಡೆಗೂ ಹೇಳದವನು ನಾನು.

ಮನುಷ್ಯರಿಗೆ ಕೊಟ್ಟು ನೋಡುವಾಗ ಮೊದಲು ನನಗೆ ಕೊಡು. ನಾನು ತಯಾರು.

ಅಪ್ಪ


ಸೆಪ್ಟೆಂಬರ್ ೪

ಅಪ್ಪಾ,

ಇಲಿ ಹಿಕ್ಕೆಯ ಕಾಗದ ಬರೆದು ಮೂರು ವರ್ಷವಾಗುತ್ತಾ ಬಂತು. ಮಧ್ಯೆ ಏನೇನಾಯಿತು ನಿಮಗೆ ಗೊತ್ತೇ ಇದೆ. ನಾಯಿಗಳ ಪರೀಕ್ಷೆ, ಆರೋಗ್ಯವಂತರ ಪರೀಕ್ಷೆ, ಒಂದು ವರ್ಷ ತಿಂದ ಅನುಮತಿ ಪತ್ರಗಳು. ಈಗ ಕೊನೆಗೂ ನಿಜವಾದ ರೋಗಿಗಳಿಗೆ. ನಲವತ್ತು ಆಸ್ಪತ್ರೆಗಳಲ್ಲಿ, ಪುಡಿಯಿಂದ ಪ್ರಯೋಜನವಾಗದ ಆರುನೂರು ಜನರಿಗೆ. ಅರ್ಧ ಜನರಿಗೆ ನಮ್ಮ ಮಾತ್ರೆ, ಅರ್ಧ ಜನರಿಗೆ ನೋಡಲು ಹಾಗೆಯೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ನಿಮ್ಮ ಕ್ಲಿನಿಕ್ ಆ ನಲವತ್ತರಲ್ಲಿ ಒಂದು.

ಆದರೆ ನಿಮಗೆ ಕೊಡುವಂತಿಲ್ಲ ಅಪ್ಪಾ. ಔಷಧಿ ಮಾಡಿದವರ ಮನೆಯವರು ಸೇರುವಂತಿಲ್ಲ ಎಂದು ನಿಯಮ. ಅದನ್ನು ಬರೆದವರಲ್ಲಿ ನಾನೂ ಒಬ್ಬಳು. ಈ ಸಾಲು ಬರೆಯಲು ನನಗೆ ಎರಡು ದಿನ ಹಿಡಿಯಿತು. ಯಾರ ಕಾಗದದಿಂದ ಇದು ಶುರುವಾಯಿತೋ ಅವರಿಗೇ ಇಲ್ಲ.

ಸೂಜಿ


ಸೆಪ್ಟೆಂಬರ್ ೧೫

ಸೂಜಿ,

ಎರಡು ದಿನ ಹಾಳು ಮಾಡಿಕೊಂಡೆ. ಮೂವತ್ತೊಂದು ವರ್ಷದಲ್ಲಿ ನಾನು ಕೊರೆದ ಶಾಫ್ಟನ್ನು ನಾನೇ ತಪಾಸಣೆ ಮಾಡಿ ಮುದ್ರೆ ಒತ್ತಿದ್ದು ಒಂದೂ ಇಲ್ಲ. ಇನ್ನೊಬ್ಬರು ಅಳೆದು ಸರಿ ಎಂದಮೇಲೇ ಅದು ಸರಿ. ನೀನು ನಿಯಮ ಸಡಿಲ ಮಾಡಿ ನನಗೆ ಕೊಟ್ಟಿದ್ದರೆ, ನುಂಗುತ್ತಿದ್ದೆ, ಆದರೆ ನಿನ್ನ ಬಗ್ಗೆ ಫೋರ್‌ಮನ್ ಮುಂದೆ ಇಷ್ಟು ಜೋರಾಗಿ ಮಾತಾಡುತ್ತಿರಲಿಲ್ಲ.

ಮೊನ್ನೆ ಕ್ಲಿನಿಕ್ಕಿಗೆ ಹೋದಾಗ ಆ ಪೆಟ್ಟಿಗೆ ಡಾಕ್ಟರ ಮೇಜಿನ ಮೇಲೆಯೇ ಇತ್ತು. ಬಿಳಿ ಪೆಟ್ಟಿಗೆ, ಬರೀ ಸಂಖ್ಯೆ. ಒಂದು ಮೊಳ ದೂರ. ಕೈ ಕಟ್ಟಿಕೊಂಡು ಕೂತು ಅದನ್ನೇ ನೋಡಿದೆ. ಡಾಕ್ಟರು ‘ಏನ್ ನೋಡ್ತಾ ಇದೀರಾ?’ ಎಂದರು. ‘ನಮ್ಮ ಮನೇದು’ ಎಂದೆ.

ಅಪ್ಪ


ಫೆಬ್ರವರಿ ೨೦

ಅಪ್ಪಾ, ಅಮ್ಮಾ,

ಇವತ್ತು ಪಟ್ಟಿ ತೆರೆದರು. ಯಾರಿಗೆ ಯಾವ ಮಾತ್ರೆ ಹೋಗಿತ್ತು ಎಂಬ ಪಟ್ಟಿ. ನಾವೆಲ್ಲ ಒಂದೇ ಕೋಣೆಯಲ್ಲಿ ನಿಂತಿದ್ದೆವು. ಕುರ್ಚಿಗಳಿದ್ದರೂ ಯಾರೂ ಕೂರಲಿಲ್ಲ. ಮೇಡಂ ಓದಿದರು. ಖಾಲಿ ಮಾತ್ರೆಯವರಲ್ಲಿ ನೂರಕ್ಕೆ ಮೂವತ್ತೊಂದು ಜನಕ್ಕೆ ಹೊಟ್ಟೆ ಸರಿಹೋಗಿತ್ತು. ನಮ್ಮದರಲ್ಲಿ ನೂರಕ್ಕೆ ಐವತ್ತೆಂಟು. ನೋವು ಎರಡು ಕಡೆಯೂ ಒಂದೇ ಮಟ್ಟದಲ್ಲಿತ್ತು. ನಮ್ಮ ಮಾತ್ರೆ ನೋವಿನ ಮಾತ್ರೆಯ ಕೆಲಸವನ್ನು ಕೆಡಿಸಿಲ್ಲ. ಹೊಟ್ಟೆನುಲಿತ ಬಂದವರು ಬಹಳ ಕಡಿಮೆ.

ಐವತ್ತೆಂಟು ನೂರಲ್ಲ, ಗೊತ್ತು. ಇನ್ನೊಂದು ದೊಡ್ಡ ಪರೀಕ್ಷೆ ಬಾಕಿ ಇದೆ. ಅಂಗಡಿಗೆ ಬರಲು ಇನ್ನೂ ಎರಡು ವರ್ಷವಾದರೂ ಬೇಕು. ಆದರೂ ಮೇಡಂ ಪಟ್ಟಿ ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು. ನಾನು ಹೊರಗೆ ಬಂದು ಫೋನ್ ಮಾಡಿದೆ. ಅಪ್ಪ ಎತ್ತಿ ‘ಊಟ ಆಯ್ತಾ?’ ಅಂದರು. ನಾನು ‘ಆಯ್ತು’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ನಿಮ್ಮ
ಸೂಜಿ


ಮಾರ್ಚ್ ೧೨

ಸೂಜಿ,

ನಿನ್ನ ಕಾಗದವನ್ನು ನಿಮ್ಮಮ್ಮನ ಕೈಯಲ್ಲಿ ಎರಡು ಸಲ ಓದಿಸಿದೆ. ಇವತ್ತು ಕ್ಲಿನಿಕ್ಕಿನಲ್ಲಿ ಒಂದು ಸಂಗತಿ ನಡೆಯಿತು. ಬಂದವನೇ ಅಂಗಿಯನ್ನೂ ಬಿಚ್ಚದೆ ಬರೆಯುತ್ತಿದ್ದೇನೆ.

ಅಲ್ಲಿಗೆ ಒಬ್ಬ ಟೈಲರ್ ಬರುತ್ತಾರೆ. ನನಗಿಂತ ಚಿಕ್ಕವರು. ಕಾಯಿಲೆ ಎಲುಬಿಗೆ ಇಳಿದಿದೆ, ವಾಸಿಯಾಗುವಂಥದ್ದಲ್ಲ. ಹೋದ ವರ್ಷ ಸರದಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದರು, ಹೊಟ್ಟೆಯ ಮೇಲೆ ಒಂದು ಮಡಿಸಿದ ಕೋಟು ಇಟ್ಟುಕೊಂಡು. ಆ ಕೋಟು ಯಾವ ಉಬ್ಬರ ಮುಚ್ಚಲು ಅಲ್ಲಿದೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಒಂದು ದಿನ ಡಾಕ್ಟರಿಗೆ ‘ಮಾತ್ರೆ ಬೇಡ, ನೋವೇ ಇರ್ಲಿ ಬಿಡಿ’ ಎಂದದ್ದು ಬಾಗಿಲಾಚೆಯಿಂದ ಕೇಳಿಸಿತು. ಹೊರಗೆ ಬಂದವರ ಕೈ ಹಿಡಿದು ಕೂರಿಸಿಕೊಂಡೆ. ನನ್ನ ಕತೆಯನ್ನೆಲ್ಲ ಹೇಳಿದೆ, ಕಕ್ಕಸಿನದೂ ಸೇರಿ. ನನ್ನ ಗಂಟಲು ನಿನಗೆ ಗೊತ್ತಲ್ಲ, ವರ್ಕ್‌ಶಾಪಿನ ಗಂಟಲು. ಇಡೀ ಸಾಲು ಕೇಳಿಸಿಕೊಂಡಿತು. ನಗುತ್ತಾರೆ ಎಂದುಕೊಂಡೆ. ಎದುರು ಬೆಂಚಿನ ಒಬ್ಬ ಮುದುಕಿ ‘ನನಗೂ ಹಾಗೇ ಕಣಪ್ಪ’ ಎಂದಳು. ಆಮೇಲೆ ಇನ್ನೊಬ್ಬರು. ‘ಒಳಗೆ ಹೋಗಿ ಈಗ್ಲೇ ಹೇಳಿ’ ಎಂದು ಟೈಲರನ್ನು ಮತ್ತೆ ಬಾಗಿಲೊಳಕ್ಕೆ ದಬ್ಬಿದೆ. ಆಮೇಲೆ ಪುಡಿಯಿಂದಲೂ ಆಗಲಿಲ್ಲವೆಂದು ಅವರನ್ನು ಬಿಳಿ ಪೆಟ್ಟಿಗೆಯ ಪರೀಕ್ಷೆಗೆ ಸೇರಿಸಿಕೊಂಡಿದ್ದರು.

ಇವತ್ತು ಅವರು ಬಂದಿದ್ದರು. ಕೋಟು ಮೈಮೇಲಿತ್ತು. ಗುಂಡಿ ಹಾಕಿತ್ತು. ‘ನಂದು ಖಾಲಿ ಮಾತ್ರೆ ಅಲ್ವಂತೆ’ ಎಂದರು. ‘ನೋವಿನ ಮಾತ್ರೆ ಸರಿಯಾಗಿ ತಗೊಳ್ತಾ ಇದೀನಿ. ಮಿಷನ್ ಮುಂದೆ ದಿನಕ್ಕೆರಡು ಗಂಟೆ ಕೂರ್ತೀನಿ. ಮೊಮ್ಮಗಳಿಗೆ ಒಂದು ಫ್ರಾಕ್ ಮುಗಿಸ್ದೆ.’ ಇನ್ನೆಷ್ಟು ದಿನ ಇದ್ದಾರೋ ಗೊತ್ತಿಲ್ಲ. ಇರುವ ದಿನ ಹೊಲಿಯುತ್ತಿದ್ದಾರೆ.

ಪಕ್ಕದಲ್ಲಿ ಅವರ ಹೆಂಡತಿ ಇದ್ದರು. ಡಾಕ್ಟರು ಒಳಗಿಂದ ಬಂದು ಸುಮ್ಮನೆ ಹೋಗಬಾರದೇ? ನನ್ನ ಕಡೆ ಕೈ ತೋರಿಸಿ, ‘ಆ ಮಾತ್ರೆ ಮಾಡಿದ್ದು ಇವರ ಮಗಳು’ ಎಂದುಬಿಟ್ಟರು. ಆಕೆ ನನ್ನನ್ನೇ ನೋಡುತ್ತಾ ನಿಂತರು. ನಾನು ಎದ್ದು ನಿಂತೆ. ಯಾಕೆ ನಿಂತೆನೋ, ನಡುವಿಗೆ ಕೈ ಕೊಡದೆ ನೆಟ್ಟಗೆ ನಿಂತೆ. ಆಕೆ ಎರಡೂ ಕೈ ಜೋಡಿಸಿ ಹೇಳಿದರು: ‘ನಿಮ್ಮ ಮಗಳ ಹೊಟ್ಟೆ ತಣ್ಣಗಿರ್ಲಿ.’

ನನಗೆ ಸ್ಪಷ್ಟವಾಗಿ ಕೇಳಿಸಿತ್ತು ಸೂಜಿ. ಆದರೂ ‘ಏನಂದ್ರಿ?’ ಎಂದೆ. ಆಕೆ ಇನ್ನೊಂದು ಸಲ, ಇಡೀ ಸಾಲಿಗೆ ಕೇಳಿಸುವ ಹಾಗೆ ಹೇಳಿದರು.

ನಿನ್ನ
ಅಪ್ಪ